ಮಾರ್ಪಡಿಸಿದ ಟ್ರಕ್ಕಿನ ಎಂಜಿನ್ ದೋಷಪತ್ತೆ

ಕಾರ್ಖಾನೆ ಕೊಟ್ಟ ಸ್ಥಿತಿಯಲ್ಲಿ ಉಳಿಯದೆ ಇಂಧನ ವ್ಯವಸ್ಥೆ, ಗಾಳಿಯ ದಾರಿ, ನಿಯಂತ್ರಕ ಅಥವಾ ಇಡೀ ಎಂಜಿನ್ನೇ ಬದಲಾಗಿರುವ ಟ್ರಕ್ಕಿನಲ್ಲಿ ತಲೆದೋರಿದ ತೊಂದರೆಯ ಮೂಲವನ್ನು ಲಕ್ಷಣ, ಅಳತೆ ಹಾಗೂ ಪರೀಕ್ಷೆಗಳಿಂದ ಗುರುತಿಸುವ ಕೆಲಸಕ್ಕೆ ಮಾರ್ಪಡಿಸಿದ ಟ್ರಕ್ಕಿನ ಎಂಜಿನ್ ದೋಷಪತ್ತೆ ಎಂದು ಹೆಸರು. ಸಾಮಾನ್ಯ ವಾಹನದ ದೋಷಪತ್ತೆಗೂ ಇದಕ್ಕೂ ಮುಖ್ಯ ವ್ಯತ್ಯಾಸ ಒಂದೇ. ತಯಾರಕರ ಕೈಪಿಡಿಯಲ್ಲಿ ಅಚ್ಚಾದ ಒತ್ತಡ, ತಾಪ, ಟೈಮಿಂಗ್ ಅಂಕಿಗಳು ಇಂಥ ಎಂಜಿನ್ನಿಗೆ ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಯಾವ ಅಂಕಿ ಇನ್ನೂ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕಾಗುತ್ತದೆ.

ಈ ಲೇಖನದಲ್ಲಿ ಟ್ರಕ್ಕು ಎಂಬ ಮಾತು ಅಮೆರಿಕದ ಪಿಕಪ್ಪಿಗೂ ಭಾರತದ ಲಾರಿಗೂ ಸಲ್ಲುತ್ತದೆ. ಚಾಲಕನ ಕಣ್ಣು, ಕಿವಿ, ಮೂಗಿಗೆ ತಿಳಿಯುವುದು ಲಕ್ಷಣ. ಆ ಲಕ್ಷಣಕ್ಕೆ ಕಾರಣವಾದ ಕೆಟ್ಟ ಭಾಗ ಅಥವಾ ತಪ್ಪು ಜೋಡಣೆ ದೋಷ. ಕಪ್ಪು ಹೊಗೆ ಲಕ್ಷಣ, ಬಿರುಕುಬಿಟ್ಟ ಇಂಟರ್‌ಕೂಲರ್ ಪೈಪು ದೋಷ.

ಹಿನ್ನೆಲೆ

ಟ್ರಕ್ಕಿನಷ್ಟೇ ಹಳೆಯದು ಅದನ್ನು ಮಾರ್ಪಡಿಸುವ ರೂಢಿ. ಫೋರ್ಡ್ ಕಂಪನಿ 1917ರಲ್ಲಿ ಮಾಡೆಲ್ ಟಿಟಿ ಟ್ರಕ್ಕನ್ನು ತರುವ ಮೊದಲೇ ಮಾಡೆಲ್ ಟಿ ಕಾರನ್ನು ಸರಕಿನ ಗಾಡಿಯಾಗಿಸುವ ಕಿಟ್‌ಗಳನ್ನು ಬೇರೆ ಕಂಪನಿಗಳು ಮಾರುತ್ತಿದ್ದವು. 1930ರ ದಶಕದಲ್ಲಿ ಕ್ಯಾಲಿಫೋರ್ನಿಯದ ಒಣ ಕೆರೆಯಂಗಳಗಳಲ್ಲಿ ಹಳೆಯ ಫೋರ್ಡುಗಳನ್ನು ಓಡಿಸುತ್ತಿದ್ದ ಹಾಟ್‌ರಾಡ್ ಹುಡುಗರಿಂದ ಎಂಜಿನ್ ಬದಲಾವಣೆ ಒಂದು ಹವ್ಯಾಸವಾಗಿ ಬೆಳೆಯಿತು. 1963ರಲ್ಲಿ ಬಿಡಿಭಾಗ ತಯಾರಕರ ಸಂಘವಾದ ಸೆಮಾ ಸ್ಥಾಪನೆಯಾದಾಗ ಅದು ಉದ್ಯಮದ ರೂಪ ಪಡೆದಿತ್ತು.

ಡೀಸೆಲ್ ಪಿಕಪ್ಪಿನ ಮಟ್ಟಿಗೆ 1989 ಮುಖ್ಯ ವರ್ಷ. ಕೃಷಿ ಮತ್ತು ಕೈಗಾರಿಕಾ ಯಂತ್ರಗಳಿಗೂ ಮಧ್ಯಮ ಟ್ರಕ್ಕುಗಳಿಗೂ ಬಳಕೆಯಾಗುತ್ತಿದ್ದ ಕಮಿನ್ಸ್ ಬಿ ಸರಣಿಯ 5.9 ಲೀಟರಿನ ಆರು ಸಿಲಿಂಡರ್ ಎಂಜಿನ್ ಆ ವರ್ಷದ ಡಾಡ್ಜ್ ರ್‍ಯಾಮ್ ಪಿಕಪ್ಪಿಗೆ ಬಂತು. ಅದರ ಶಕ್ತಿ ಆಗ 160 ಅಶ್ವಶಕ್ತಿ, ತಿರುಚುಬಲ 542 ನ್ಯೂಟನ್ ಮೀಟರ್. ಎರಕದ ಕಬ್ಬಿಣದ ಬ್ಲಾಕ್, ಬೆಲ್ಟಿನ ಬದಲು ಗೇರಿನಿಂದಲೇ ತಿರುಗುವ ಕ್ಯಾಮ್‌ಶಾಫ್ಟ್, ಒಂದು ಸ್ಕ್ರೂ ತಿರುಗಿಸಿದರೆ ಹೆಚ್ಚು ಡೀಸೆಲ್ ಬಿಡುವ ಪಂಪು ಇವೆಲ್ಲ ಸೇರಿ ಅದು ಮಾರ್ಪಾಡುಗಾರರ ನೆಚ್ಚಿನ ಎಂಜಿನ್ ಆಯಿತು. ಅದರ ದೋಷಗಳ ಬಗೆಗಿನ ತಿಳಿವಳಿಕೆಯೂ ಅಷ್ಟೇ ವಿಸ್ತಾರವಾಗಿ ಬೆಳೆದಿರುವುದರಿಂದ ಈ ಲೇಖನದ ಹೆಚ್ಚಿನ ಉದಾಹರಣೆಗಳು ಅಲ್ಲಿಂದ ಬಂದಿವೆ.

ಎಂಜಿನ್ ತನ್ನ ದೋಷವನ್ನು ತಾನೇ ಸಂಕೇತದಲ್ಲಿ ಹೇಳುವ ಪದ್ಧತಿ 1980ರ ದಶಕದ ಆರಂಭದಲ್ಲಿ ಜನರಲ್ ಮೋಟಾರ್ಸ್ ವಾಹನಗಳಲ್ಲಿ ವ್ಯಾಪಕವಾಯಿತು. ಕ್ಯಾಲಿಫೋರ್ನಿಯ 1988ರ ಮಾದರಿಗಳಿಂದ ಅಂಥ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. 1996ರ ಮಾದರಿಗಳಿಂದ ಅಮೆರಿಕದ ಲಘು ವಾಹನಗಳಿಗೆಲ್ಲ ಒಬಿಡಿ-2 ಎಂಬ ಏಕರೂಪದ ಪದ್ಧತಿ ಬಂತು. 16 ಪಿನ್ನಿನ ಒಂದೇ ಬಗೆಯ ಸಾಕೆಟ್ಟಿಗೆ ಯಾವ ಸ್ಕ್ಯಾನರನ್ನಾದರೂ ಚುಚ್ಚಿ ಓದಬಹುದಾಯಿತು.

ಮಾರ್ಪಾಡಿನ ಬಗೆಗಳು

ದೋಷಪತ್ತೆಯ ದೃಷ್ಟಿಯಿಂದ ಮಾರ್ಪಾಡುಗಳನ್ನು ನಾಲ್ಕು ಗುಂಪಾಗಿ ನೋಡಬಹುದು. ಮೊದಲನೆಯದು ಇಂಧನದ ಹೆಚ್ಚಳ: ದೊಡ್ಡ ನಾಜಲ್, ಪಂಪಿನ ಸೆಟ್ಟಿಂಗ್ ಏರಿಸುವುದು, ಎಲೆಕ್ಟ್ರಾನಿಕ್ ಚಿಪ್ ಅಥವಾ ಟ್ಯೂನ್. ಎರಡನೆಯದು ಗಾಳಿಯ ಹೆಚ್ಚಳ: ದೊಡ್ಡ ಟರ್ಬೊ, ಇಂಟರ್‌ಕೂಲರ್, ಬೇರೆ ಫಿಲ್ಟರ್, ಅಗಲದ ಸೈಲೆನ್ಸರ್ ಪೈಪು. ಮೂರನೆಯದು ಎಂಜಿನ್ನನ್ನೇ ಬದಲಿಸುವುದು. ನಾಲ್ಕನೆಯದು ಎಂಜಿನ್ನಿಗೆ ನೇರ ಸಂಬಂಧವಿಲ್ಲದಂತೆ ಕಂಡರೂ ಅದರ ಹೊರೆಯನ್ನು ಬದಲಿಸುವ ಕೆಲಸಗಳು: ದೊಡ್ಡ ಟೈರು, ಎತ್ತರಿಸಿದ ಸಸ್ಪೆನ್ಷನ್, ಉದ್ದ ಮಾಡಿದ ಚಾಸಿ, ಭಾರದ ಬಾಡಿ. ಕೊನೆಯದನ್ನು ಮೆಕ್ಯಾನಿಕ್‌ಗಳು ಮರೆಯುವುದು ಹೆಚ್ಚು. 31 ಅಂಗುಲದ ಟೈರಿದ್ದ ಜಾಗದಲ್ಲಿ 37 ಅಂಗುಲದ್ದು ಹಾಕಿ ಡಿಫರೆನ್ಷಿಯಲ್ ಗೇರನ್ನು ಹಾಗೆಯೇ ಬಿಟ್ಟರೆ ಗಾಡಿಗೆ ಪಿಕಪ್ ಕಡಿಮೆಯಾಗುತ್ತದೆ, ಏರಿನಲ್ಲಿ ಹೀಟ್ ಆಗುತ್ತದೆ. ಎಂಜಿನ್ ಪೂರ್ತಿ ಸರಿಯಿದ್ದರೂ ಅದೇ ಕೆಟ್ಟಂತೆ ತೋರುತ್ತದೆ.

ದೋಷದ ಮೂಲಗಳು

ಮಾರ್ಪಡಿಸಿದ ಟ್ರಕ್ಕಿನ ದೋಷ ಮೂರು ಕಡೆಯಿಂದ ಬರುತ್ತದೆ: ಎಂಜಿನ್ನಿನ ಮೂಲ ವಿನ್ಯಾಸದಿಂದ, ವಯಸ್ಸಿನ ಸವಕಳಿಯಿಂದ, ಮಾರ್ಪಾಡಿನಿಂದ. ಮಾರ್ಪಾಡಾದ ಗಾಡಿಯೆಂದು ತಿಳಿದ ಕೂಡಲೇ ತಪ್ಪನ್ನೆಲ್ಲ ಅದರ ತಲೆಗೆ ಕಟ್ಟುವುದು ಗ್ಯಾರೇಜುಗಳಲ್ಲಿ ಸಾಮಾನ್ಯ. ಮಾಲೀಕನಾದರೋ ತಾನು ಖರ್ಚು ಮಾಡಿ ಹಾಕಿಸಿದ ಭಾಗ ಕೆಟ್ಟಿರಲಾರದು ಎಂದೇ ನಂಬಿರುತ್ತಾನೆ. ಎರಡೂ ದಾರಿ ತಪ್ಪಿಸುತ್ತವೆ.

ಮೂಲ ವಿನ್ಯಾಸದ ದೋಷಕ್ಕೆ ಮೇಲಿನ ಕಮಿನ್ಸ್ ಎಂಜಿನ್ನೇ ಉದಾಹರಣೆ. 1989ರಿಂದ 2002ರವರೆಗಿನ ಡಾಡ್ಜ್ ಪಿಕಪ್ಪುಗಳಲ್ಲಿ ಟೈಮಿಂಗ್ ಗೇರ್ ಹೌಸಿಂಗನ್ನು ಸ್ಥಾನದಲ್ಲಿ ಹಿಡಿಯುವ ಚಿಕ್ಕ ಉಕ್ಕಿನ ಡೋವೆಲ್ ಪಿನ್ನು ಕಂಪನಕ್ಕೆ ಸಡಿಲವಾಗಿ ಹೊರಬಂದು ಗೇರುಗಳ ನಡುವೆ ಬೀಳುವ ಸಂಭವವಿದೆ. ಬಿದ್ದರೆ ಹೌಸಿಂಗ್ ಒಡೆಯಬಹುದು, ಗೇರಿನ ಹಲ್ಲು ಮುರಿಯಬಹುದು. ಆ ಪಿನ್ನಿನ ಮುಂದೆ ತಗಡಿನ ಒಂದು ತುಣುಕನ್ನು ಬೋಲ್ಟಿನಿಂದ ಅಡ್ಡ ಕೊಟ್ಟರೆ ಅಪಾಯ ಮುಗಿಯಿತು. 53 ಎಂಬ ಅಂಕಿಯನ್ನು ಎರಕದಲ್ಲಿ ಹೊತ್ತ ಕೆಲವು ಬ್ಲಾಕುಗಳಲ್ಲಿ ನೀರಿನ ಜಾಕೆಟ್ಟಿನ ಗೋಡೆ ತೆಳುವಾಗಿದ್ದು ಬಿರುಕುಬಿಡುವುದೂ ಕಾರ್ಖಾನೆಯಿಂದಲೇ ಬಂದ ದೌರ್ಬಲ್ಯ.

ಪತ್ತೆಯ ಕ್ರಮ

ಮೊದಲ ಹೆಜ್ಜೆ ಸ್ಪಾನರ್ ಹಿಡಿಯುವುದಲ್ಲ, ಬರೆದುಕೊಳ್ಳುವುದು. ಎಂಜಿನ್ ಯಾವ ವರ್ಷದ್ದು, ಯಾವ ಗಾಡಿಯಿಂದ ಬಂದದ್ದು, ನಾಜಲ್, ಟರ್ಬೊ, ಟ್ಯೂನ್ ಯಾವುವು, ತೊಂದರೆ ಶುರುವಾಗುವ ಮುಂಚೆ ಕೊನೆಗೆ ಮುಟ್ಟಿದ ಭಾಗ ಯಾವುದು ಎಂಬ ಪಟ್ಟಿ ಬೇಕು. ಕೊನೆಯ ಪ್ರಶ್ನೆಯ ಉತ್ತರದಿಂದಲೇ ಎಷ್ಟೋ ಕೇಸುಗಳು ಅಲ್ಲಿಗೇ ಮುಗಿಯುತ್ತವೆ. ಗಾಡಿ ಎರಡು ಮೂರು ಕೈ ಬದಲಾಗಿದ್ದರೆ ಹಳೆಯ ಮಾಲೀಕ ಮಾಡಿಸಿದ್ದೇನೆಂಬುದು ಹೊಸಬನಿಗೆ ಗೊತ್ತಿರುವುದಿಲ್ಲ. ಆಗ ಎಂಜಿನ್ ನಂಬರ್, ಪಂಪಿನ ಪ್ಲೇಟು, ಟರ್ಬೊ ಮೇಲಿನ ಕೆತ್ತನೆ ಓದಿ ಪಟ್ಟಿ ತುಂಬಬೇಕು.

ಎರಡನೆಯದು ಖರ್ಚಿಲ್ಲದ ತಪಾಸಣೆ: ಆಯಿಲ್ ಮಟ್ಟ ಮತ್ತು ವಾಸನೆ, ಕೂಲೆಂಟ್, ಏರ್ ಫಿಲ್ಟರ್, ಸಡಿಲ ಕ್ಲಾಂಪು, ಬ್ಯಾಟರಿ ವೋಲ್ಟೇಜು, ಅರ್ಥಿಂಗ್ ತಂತಿ. ಎಂಜಿನ್ ಬದಲಾಯಿಸಿದ ಗಾಡಿಯಲ್ಲಿ ಬ್ಲಾಕಿನಿಂದ ಚಾಸಿಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನು ಪೇಂಟಿನ ಮೇಲೆ ಬಿಗಿದಿರುವುದು, ಅಥವಾ ಹಾಕದೇ ಬಿಟ್ಟಿರುವುದು ಸಾಮಾನ್ಯ ತಪ್ಪು. ಇದರಿಂದ ಹಲವು ಸೆನ್ಸರ್‌ಗಳು ಒಟ್ಟಿಗೇ ಸುಳ್ಳು ಹೇಳತೊಡಗುತ್ತವೆ. ಸಂಬಂಧವೇ ಇಲ್ಲದ ಐದಾರು ದೋಷಸಂಕೇತಗಳು ಒಮ್ಮೆಗೇ ಕಂಡರೆ ಮೊದಲು ನೋಡಬೇಕಾದದ್ದು ಅರ್ಥಿಂಗನ್ನೇ.

ಮೂರನೆಯದು ಸಂಕೇತ ಓದುವುದು. ಸಂಕೇತವು ದೋಷದ ಭಾಗವನ್ನು ಹೇಳುವುದಿಲ್ಲ, ಯಾವ ಅಳತೆ ಮಿತಿ ಮೀರಿತು ಎಂಬುದನ್ನು ಹೇಳುತ್ತದೆ. ಪಿ0299 ಎಂದರೆ ಟರ್ಬೊ ಒತ್ತಡ ಸಾಲದು ಎಂದಷ್ಟೇ ಅರ್ಥ. ಟರ್ಬೊ ಕೆಟ್ಟಿದೆ ಎಂದಲ್ಲ. ಪೈಪು ಕಳಚಿಕೊಂಡಿದ್ದರೂ, ದೊಡ್ಡ ಟರ್ಬೊ ಕಂಪ್ಯೂಟರ್ ನಿರೀಕ್ಷಿಸಿದ್ದಕ್ಕಿಂತ ನಿಧಾನವಾಗಿ ಒತ್ತಡ ಕಟ್ಟುತ್ತಿದ್ದರೂ ಅದೇ ಸಂಕೇತ ಬರುತ್ತದೆ. ಸಾಧ್ಯವಾದಲ್ಲಿ ಟ್ಯೂನನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸಿ ಓಡಿಸಿ ನೋಡುವುದು ಈ ಹಂತದ ಅತ್ಯಂತ ಉಪಯುಕ್ತ ಪರೀಕ್ಷೆ. ತೊಂದರೆ ಹೋದರೆ ದೋಷ ಟ್ಯೂನಿನಲ್ಲಿದೆ, ಅಥವಾ ಟ್ಯೂನಿನ ಬೇಡಿಕೆಯನ್ನು ಪೂರೈಸಲಾರದ ಭಾಗದಲ್ಲಿದೆ.

ಇಷ್ಟಾದ ಮೇಲೆ ಇಂಧನ ಒತ್ತಡ, ಟರ್ಬೊ ಒತ್ತಡ, ಕಂಪ್ರೆಷನ್ ಅಳೆಯಬೇಕು. ಹೆಡ್ ಬಿಚ್ಚುವುದು ಎಲ್ಲಕ್ಕಿಂತ ಕೊನೆ. ಅಂದಾಜಿನ ಮೇಲೆ ಬಿಡಿಭಾಗ ಬದಲಿಸುತ್ತ ಹೋಗುವ ಪದ್ಧತಿ ವೇಗದ್ದೆಂದು ಕಂಡರೂ ದುಬಾರಿ. ಅದಲ್ಲದೆ ಪ್ರತಿ ಹೊಸ ಭಾಗವೂ ಮಾರ್ಪಾಡಿನ ಪಟ್ಟಿಗೆ ಮತ್ತೊಂದನ್ನು ಸೇರಿಸುತ್ತದೆ.

ಡೀಸೆಲ್ ಎಂಜಿನ್ನಿನ ಲಕ್ಷಣಗಳು

ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ. ಒತ್ತಿದ ಗಾಳಿಯ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಪ್ರಶ್ನೆಗಳು ಮೂರೇ: ಡೀಸೆಲ್ ಬರುತ್ತಿದೆಯೇ, ಸಾಕಷ್ಟು ಗಾಳಿ ಇದೆಯೇ, ಆ ಗಾಳಿ ಸಾಕಷ್ಟು ಬಿಸಿಯಾಗುತ್ತಿದೆಯೇ.

ಸ್ಟಾರ್ಟ್ ಆಗದ ಎಂಜಿನ್ನನ್ನು ಸೆಲ್ಫ್ ಹೊಡೆಯುತ್ತ ಸೈಲೆನ್ಸರಿನ ಬಾಯಿ ನೋಡಬೇಕು. ಹೊಗೆಯೇ ಬರದಿದ್ದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲ: ಏರ್ ಹಿಡಿದಿದೆ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪು ಸತ್ತಿದೆ, ಅಥವಾ ಪಂಪಿನ ಶಟ್‌ಆಫ್ ಸೊಲೆನಾಯ್ಡ್ ಎತ್ತುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಹೊತ್ತಿಕೊಳ್ಳುತ್ತಿಲ್ಲ. ಟೈಮಿಂಗ್ ತಡವಾಗಿರಬಹುದು, ಕಂಪ್ರೆಷನ್ ಸಾಲದಿರಬಹುದು, ಚಳಿಯಿರಬಹುದು. ಓಡುವಾಗಲೂ ಬಿಳಿ ಹೊಗೆ ನಿಲ್ಲದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಎಂದರೆ ಗಾಳಿಗೆ ಮೀರಿದ ಡೀಸೆಲ್. ಮಾರ್ಪಡಿಸಿದ ಗಾಡಿಯಲ್ಲಿ ಸ್ವಲ್ಪ ಕಪ್ಪು ಹೊಗೆ ಮೊದಲಿನಿಂದಲೂ ಇರುವುದರಿಂದ, ಹೊಗೆ ಇದೆಯೇ ಎನ್ನುವುದಕ್ಕಿಂತ ಮುಂಚಿಗಿಂತ ಹೆಚ್ಚಾಗಿದೆಯೇ ಎಂದು ಕೇಳಬೇಕು. ಹೆಚ್ಚಿದ ಕಪ್ಪು ಹೊಗೆ, ತಗ್ಗಿದ ಬಲ, ಸುಯ್ಯೆನ್ನುವ ಸದ್ದು ಮೂರೂ ಸೇರಿದರೆ ಒತ್ತಿದ ಗಾಳಿ ದಾರಿಯಲ್ಲಿ ಸೋರುತ್ತಿದೆ. ಟರ್ಬೊ ಬಾಯಿಗೆ ಬಿರಡೆ ಹಾಕಿ, ಹೊರಗಿನಿಂದ ಕಂಪ್ರೆಸರ್ ಗಾಳಿ ಕೊಟ್ಟು, ಪೈಪಿನ ಸಂದುಗಳಿಗೆ ಸೋಪಿನ ನೀರು ಹಚ್ಚಿದರೆ ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ.

ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೆ, ಹಳೆಯ ಇನ್‌ಲೈನ್ ಪಂಪಿನ ಎಂಜಿನ್ನಿನಲ್ಲಿ ಐಡಲ್‌ನಲ್ಲಿ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಸಡಿಲಿಸಿ ಕಿವಿಗೊಡುವುದು ರೂಢಿ. ಸರಿಯಾದ ಸಿಲಿಂಡರಿನದ್ದು ಸಡಿಲಿಸಿದಾಗ ಎಂಜಿನ್ ತಡವರಿಸುತ್ತದೆ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಅದೇ ಕೆಟ್ಟದ್ದು. ಈ ಪರೀಕ್ಷೆಯನ್ನು, ಅತಿ ಒತ್ತಡದ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಕೊಡುವ ಕಾಮನ್‌ರೈಲ್ ಎಂಜಿನ್ನಿನ ಮೇಲೆ ಎಂದೂ ಮಾಡಬಾರದು. 2003ರಿಂದ ಡಾಡ್ಜ್ ಪಿಕಪ್ಪಿಗೆ ಬಂದ ಕಾಮನ್‌ರೈಲ್ ಕಮಿನ್ಸ್‌ನಲ್ಲಿ ರೈಲಿನ ಒತ್ತಡ 1,600 ಬಾರ್‌ವರೆಗೆ ಏರುತ್ತದೆ. ಆ ಒತ್ತಡದ ಡೀಸೆಲ್ ಎಳೆ ಚರ್ಮ ಸೀಳಿ ಒಳಹೊಕ್ಕರೆ ಬೆರಳೋ ಕೈಯೋ ಕಳೆದುಕೊಳ್ಳುವಂಥ ಗಾಯವಾಗುತ್ತದೆ. ಅಲ್ಲಿ ಪ್ರತಿ ಇಂಜೆಕ್ಟರಿನ ರಿಟರ್ನ್ ಡೀಸೆಲನ್ನು ಅಳತೆಯ ಬಾಟಲಿಗೆ ಹಿಡಿದು, ಯಾವುದು ಹೆಚ್ಚು ಮರಳಿಸುತ್ತಿದೆ ಎಂದು ನೋಡುತ್ತಾರೆ. ರೈಲಿನ ಒತ್ತಡ ಸಾಲದೆಂದು ಹೇಳುವ ಪಿ0087 ಸಂಕೇತ ಕಂಡಾಗ ದುಬಾರಿ ಹೈ ಪ್ರೆಷರ್ ಪಂಪನ್ನು ದೂರುವ ಮುಂಚೆ ಈ ಪರೀಕ್ಷೆಯನ್ನೂ ಫಿಲ್ಟರನ್ನೂ ಮುಗಿಸಬೇಕು.

1998ರ ನಡುವಿನಿಂದ 2002ರವರೆಗಿನ ಡಾಡ್ಜ್ ಕಮಿನ್ಸ್‌ಗೆ ಬಾಷ್ ವಿಪಿ44 ಎಂಬ ಎಲೆಕ್ಟ್ರಾನಿಕ್ ರೋಟರಿ ಪಂಪಿತ್ತು. ಮಾರ್ಪಾಡು ಮತ್ತು ದೋಷದ ಸಂಬಂಧ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಹರಿಯುವ ಡೀಸೆಲೇ ಆ ಪಂಪಿಗೆ ತಂಪೂ ಹೌದು, ಗ್ರೀಸೂ ಹೌದು. ಡೀಸೆಲ್ ತಲುಪಿಸುವ ಲಿಫ್ಟ್ ಪಂಪು ಟ್ಯಾಂಕಿನಿಂದ ದೂರ, ಎಂಜಿನ್ನಿನ ಪಕ್ಕದಲ್ಲಿ ಕೂತು ಎಳೆಯಬೇಕಾಗಿತ್ತು. ದೊಡ್ಡ ನಾಜಲ್ ಮತ್ತು ಚಿಪ್ ಹಾಕಿ ಬೇಡಿಕೆ ಏರಿಸಿದಾಗ ಲಿಫ್ಟ್ ಪಂಪು ಸೋತು, ವಿಪಿ44 ಪಂಪು ಒಣಗಿ ಸಾಯುತ್ತಿತ್ತು. ಆಕ್ಸಿಲರೇಟರ್ ಒತ್ತಿದರೂ ಎಂಜಿನ್ ಕಿವಿಗೊಡದಿರುವುದು, ಬಿಸಿಯಾದ ಮೇಲೆ ಸ್ಟಾರ್ಟ್ ಆಗದಿರುವುದು, ಪಿ0216 ಸಂಕೇತ ಅದರ ಲಕ್ಷಣಗಳು. ಪಂಪನ್ನಷ್ಟೇ ಬದಲಿಸಿ ಲಿಫ್ಟ್ ಪಂಪನ್ನು ಹಾಗೇ ಬಿಟ್ಟವರು ಹೊಸ ಪಂಪನ್ನೂ ಕಳೆದುಕೊಂಡರು. ಇಲ್ಲಿ ಬೇಕಾದದ್ದು ಒಂದು ಅಗ್ಗದ ಒತ್ತಡದ ಮೀಟರು. ಐಡಲ್‌ನಲ್ಲಿ 10ರಿಂದ 15 ಪಿಎಸ್‌ಐ ತೋರುವ ಮೀಟರು ಪೂರ್ತಿ ಭಾರದಲ್ಲಿ 5ಕ್ಕಿಂತ ಕೆಳಗೆ ಬಿದ್ದರೆ ಲಿಫ್ಟ್ ಪಂಪೋ ಫಿಲ್ಟರೋ ಪೈಪೋ ಸಾಲದು ಎಂದೇ ಅರ್ಥ.

ಅದಕ್ಕೂ ಹಿಂದಿನ, 1994ರಿಂದ 1998ರವರೆಗಿನ ಪಿ7100 ಇನ್‌ಲೈನ್ ಪಂಪಿನಲ್ಲಿ ಮತ್ತೊಂದು ದೋಷ ಪರಿಚಿತ. ಟೈಮಿಂಗ್ ಮುಂದಿಡಲು ಪಂಪಿನ ಗೇರನ್ನು ಕಳಚಿ ಮತ್ತೆ ಕೂರಿಸುವಾಗ, ಶಂಕುವಿನಾಕಾರದ ಶಾಫ್ಟಿನ ಮೇಲೆ ಆಯಿಲಿನ ಪಸೆ ಉಳಿದರೆ ಗೇರು ಬಿಗಿಯಾಗಿ ಕಚ್ಚುವುದಿಲ್ಲ. ಅದಕ್ಕೆ ಕೀಲಿಯ ಆಸರೆಯೂ ಇಲ್ಲ. ಗ್ಯಾರೇಜಿನಿಂದ ಚೆನ್ನಾಗಿಯೇ ಹೊರಟ ಗಾಡಿ ಮೊದಲ ಜೋರಿನ ಎಳೆತದಲ್ಲಿ ಸಟ್ಟನೆ ಬಲ ಕಳೆದುಕೊಂಡು, ಬಿಳಿ ಹೊಗೆ ಬಿಟ್ಟು, ಮರುದಿನ ಸ್ಟಾರ್ಟ್ ಆಗಲು ಸತಾಯಿಸಿದರೆ ಗೇರು ಜಾರಿ ಟೈಮಿಂಗ್ ಹಿಂದೆ ಬಿದ್ದಿದೆ ಎಂದು ಊಹಿಸಬಹುದು. ಶಾಫ್ಟನ್ನೂ ಗೇರಿನ ಒಳಮೈಯನ್ನೂ ಬ್ರೇಕ್ ಕ್ಲೀನರಿನಿಂದ ಒರೆಸಿ ಒಣಗಿಸಿ ಕೂರಿಸುವುದೇ ಪರಿಹಾರ.

ಹೀಟ್ ಅಳೆಯುವುದಕ್ಕೆ ರೇಡಿಯೇಟರ್ ಮುಳ್ಳೊಂದೇ ಸಾಲದು. ಟರ್ಬೊಗೆ ಮುಂಚಿನ ಹೊಗೆಯ ತಾಪ ನೋಡುವ ಪೈರೋಮೀಟರ್ ಬೇಕು. ಅಲ್ಯುಮಿನಿಯಂ ಪಿಸ್ಟನ್ನಿನ ಈ ಎಂಜಿನ್ನುಗಳಲ್ಲಿ ಸುಮಾರು 680 ಡಿಗ್ರಿ ಸೆಲ್ಸಿಯಸ್ ಅನ್ನು ನಿರಂತರ ಎಳೆತದ ಮಿತಿಯೆಂದು ಹಿಡಿಯುವುದು ವಾಡಿಕೆ. ಕೂಲೆಂಟ್ ಮುಳ್ಳು ಸುಮ್ಮನಿರುವಾಗಲೇ ಪಿಸ್ಟನ್ ಕರಗತೊಡಗಿರಬಹುದು. ಟರ್ಬೊ ಒತ್ತಡವನ್ನು ಕಾರ್ಖಾನೆಯ ಮಟ್ಟದ ಎರಡು ಪಟ್ಟಿಗೆ ಏರಿಸಿದ ಗಾಡಿಯಲ್ಲಿ ಹೆಡ್ ಬೋಲ್ಟುಗಳ ಜಾಗದಲ್ಲಿ ಗಟ್ಟಿ ಸ್ಟಡ್ ಹಾಕದಿದ್ದರೆ ಗ್ಯಾಸ್ಕೆಟ್ ಹೋಗುವುದು ನಿರೀಕ್ಷಿತ. ಭಾರ ಬಿದ್ದಾಗ ಮಾತ್ರ ಕೂಲೆಂಟ್ ಉಕ್ಕಿ ಹೊರಚೆಲ್ಲಿ, ಐಡಲ್‌ನಲ್ಲಿ ಸುಮ್ಮನಿದ್ದರೆ ಹೆಡ್ ಎತ್ತಿಕೊಳ್ಳುತ್ತಿದೆ ಎಂದು ತಿಳಿಯಬೇಕು.

ಎಂಜಿನ್ ಬದಲಾಯಿಸಿದ ಪೆಟ್ರೋಲ್ ಟ್ರಕ್ಕು

ಅಮೆರಿಕದಲ್ಲಿ ಹಳೆಯ ಪಿಕಪ್ಪಿಗೆ ಹೊಸ ಎಂಜಿನ್ ಕೂರಿಸುವವರು ಹೆಚ್ಚಾಗಿ ಆರಿಸುವುದು 1997ರಲ್ಲಿ ಆರಂಭವಾದ ಜನರಲ್ ಮೋಟಾರ್ಸ್ ಎಲ್‌ಎಸ್ ಕುಟುಂಬದ ವಿ8 ಎಂಜಿನ್ನುಗಳನ್ನು. ಇವುಗಳ ತೊಂದರೆ ಹೆಚ್ಚಿನ ಸಲ ಎಂಜಿನ್ನಿನ ಒಳಗಿರದೆ ಎಂಜಿನ್ ಮತ್ತು ಗಾಡಿ ಕೂಡುವ ಜಾಗದಲ್ಲಿರುತ್ತದೆ. ಆರಂಭದ ಪೀಳಿಗೆಯ ಕ್ರ್ಯಾಂಕ್ ಚಕ್ರ ಸುತ್ತಿಗೆ 24 ಸಂಕೇತ ಕೊಟ್ಟರೆ ನಂತರದ್ದು 58 ಕೊಡುತ್ತದೆ. ಹೊರಗಿನಿಂದ ಎರಡೂ ಒಂದೇ ತರಹ. ಒಂದರ ಎಂಜಿನ್ನಿಗೆ ಇನ್ನೊಂದರ ಕಂಪ್ಯೂಟರ್ ಜೋಡಿಸಿದರೆ ಸೆಲ್ಫ್ ಚೆನ್ನಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಕ್ರ್ಯಾಂಕ್ ಸೆನ್ಸರಿನ ಬಣ್ಣ ಇಲ್ಲಿ ಸುಳಿವು: 24ಕ್ಕೆ ಕಪ್ಪು, 58ಕ್ಕೆ ಬೂದು. ಸ್ಟಾರ್ಟ್ ಆಗಿ ಎರಡೇ ಕ್ಷಣದಲ್ಲಿ ಆಫ್ ಆಗುತ್ತಿದ್ದರೆ ಕಂಪ್ಯೂಟರಿನಲ್ಲಿ ಕಳ್ಳತನ ತಡೆ ಇನ್ನೂ ಎಚ್ಚರವಾಗಿದೆ. ಕಾರ್ಬ್ಯುರೇಟರ್ ಕಾಲದ ಹಳೆಯ ಪೆಟ್ರೋಲ್ ಪಂಪನ್ನೇ ಉಳಿಸಿಕೊಂಡರೂ ಆಗದು. ಈ ಎಂಜಿನ್ನಿಗೆ 58 ಪಿಎಸ್‌ಐ ಬೇಕು, ಹಳೆಯದು ಏಳೆಂಟು ಕೊಟ್ಟರೆ ಹೆಚ್ಚು.

ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂದು ಸ್ಕ್ಯಾನರಿನಲ್ಲಿ ತೋರುವ ಫ್ಯುಯೆಲ್ ಟ್ರಿಮ್ ಅಂಕಿ ಇಲ್ಲಿ ಬಹಳ ಹೇಳುತ್ತದೆ. ಐಡಲ್‌ನಲ್ಲಿ ಅಂಕಿ ಮೇಲೇರಿ, ರೇಸ್ ಕೊಟ್ಟಾಗ ಸರಿಹೋದರೆ ಇನ್‌ಟೇಕ್ ಬಳಿ ಹೊರಗಾಳಿ ನುಗ್ಗುತ್ತಿದೆ. ರೇಸ್ ಕೊಟ್ಟಂತೆಲ್ಲ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ. ಎಂಜಿನ್ ಕೂರಿಸುವಾಗ ಹೆಡ್ಡಿನ ಆವಿ ತೂತುಗಳನ್ನು ಮುಚ್ಚಿಬಿಟ್ಟಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡು, ರೇಡಿಯೇಟರ್ ಎಷ್ಟೇ ದೊಡ್ಡದಿದ್ದರೂ ಹೀಟ್ ನಿಲ್ಲುವುದಿಲ್ಲ.

ಭಾರತ ಮತ್ತು ಕರ್ನಾಟಕದಲ್ಲಿ

ಮೇಲೆ ಹೇಳಿದ ಕಮಿನ್ಸ್ ಬಿ ಸರಣಿ ಭಾರತಕ್ಕೆ ಹೊಸದಲ್ಲ. 1993ರಲ್ಲಿ ಸ್ಥಾಪನೆಯಾದ ಟಾಟಾ ಕಮಿನ್ಸ್ ಕಂಪನಿಯ ಜಮ್‌ಶೆಡ್‌ಪುರ ಕಾರ್ಖಾನೆಯಿಂದ ಅದೇ 5.9 ಲೀಟರಿನ ಎಂಜಿನ್ ಟಾಟಾ ಲಾರಿಗಳಿಗೆ ಬಂತು. ಹೀಗಾಗಿ ನಮ್ಮ ಲಾರಿ ಮೆಕ್ಯಾನಿಕ್‌ಗಳಿಗೆ ಅದರ ಟ್ಯಾಪೆಟ್ ಅಳತೆ, ಒಳಬರುವ ವಾಲ್ವಿಗೆ 0.25 ಮಿಲಿಮೀಟರ್, ಹೊರಹೋಗುವುದಕ್ಕೆ 0.51, ಬಾಯಿಪಾಠ. ಡೀಸೆಲ್ ಪಂಪಿನ ಪಾಂಡಿತ್ಯಕ್ಕೆ ಬೆಂಗಳೂರಿನ ಹಿನ್ನೆಲೆಯೂ ಇದೆ. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿ ಬಾಷ್ ಪರವಾನಗಿಯಲ್ಲಿ ಆಡುಗೋಡಿಯ ಕಾರ್ಖಾನೆಯಲ್ಲಿ ಪಂಪು ಮತ್ತು ನಾಜಲ್ ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು. ಲಾರಿ ಅಡ್ಡೆಗಳಲ್ಲಿ ಹಳೆಯ ಪಂಪುಗಳು ಇಂದಿಗೂ ಮೈಕೋ ಪಂಪುಗಳೇ.

ಭಾರತದಲ್ಲಿ ಮಾರ್ಪಾಡಿನ ಉದ್ದೇಶ ಓಟದ ಸ್ಪರ್ಧೆಯಲ್ಲ, ಹೊರೆ. ಬಾಡಿ ಎತ್ತರಿಸುವುದು, ಪಂಪ್ ಸೆಟ್ಟಿಂಗ್ ಜಾಸ್ತಿ ಮಾಡಿಸುವುದು, ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸುವುದು ಕಾಣಸಿಗುವ ಬದಲಾವಣೆಗಳು. ಬಯಲುಸೀಮೆಯಲ್ಲಿ ತೊಂದರೆ ಕೊಡದ ಸೆಟ್ಟಿಂಗು ಶಿರಾಡಿ, ಚಾರ್ಮಾಡಿಯಂಥ ಘಾಟಿಗಳ ದೀರ್ಘ ಏರಿನಲ್ಲಿ ತನ್ನ ನಿಜ ತೋರಿಸುತ್ತದೆ. ಹೆಚ್ಚಿಸಿದ ಪಂಪನ್ನು ಊಹೆಯ ಮೇಲೆ ತಗ್ಗಿಸುವ ಬದಲು ಕ್ಯಾಲಿಬ್ರೇಷನ್ ಬೆಂಚಿನ ಮೇಲೆ ಕೂರಿಸಿ ಆರೂ ಸಿಲಿಂಡರುಗಳಿಗೆ ಹೋಗುವ ಡೀಸೆಲನ್ನು ಅಳೆದು ಸಮ ಮಾಡಿಸುವುದು ಸರಿಯಾದ ದಾರಿ.

ಕಾನೂನು ಮತ್ತು ಇಂದಿನ ಸ್ಥಿತಿ

ಅಮೆರಿಕದ ಶುದ್ಧ ಗಾಳಿ ಕಾಯಿದೆಯ ಪ್ರಕಾರ ಹೊಗೆ ನಿಯಂತ್ರಣದ ಭಾಗಗಳನ್ನು ಕಿತ್ತುಹಾಕುವುದು ಅಪರಾಧ. ಹಿಂದಿನ ಒಂದು ದಶಕದಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳಿಂದ ಅವನ್ನು ತೆಗೆಯಲಾಗಿದೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರ ವರದಿಯಲ್ಲಿ ಅಂದಾಜಿಸಿತು. ಹಾಗೆ ತೆಗೆದ ಗಾಡಿಯಲ್ಲಿ ಸಂಕೇತಗಳನ್ನೂ ಸಾಫ್ಟ್‌ವೇರಿನಲ್ಲಿ ಮುಚ್ಚಿಟ್ಟಿರುವುದರಿಂದ ಸ್ಕ್ಯಾನರ್ ಹಾಕಿದರೂ ಎಷ್ಟೋ ದೋಷಗಳು ಕಾಣುವುದಿಲ್ಲ.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ; 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಎಂಜಿನ್ ಬದಲಿಸಬೇಕಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು. ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ, ಅಥವಾ ಎರಡೂ ಇವೆ.

2020ರ ಏಪ್ರಿಲ್ 1ರಿಂದ ಹೊಗೆಯ ಬಿಎಸ್-6 ಮಾನದಂಡ ಜಾರಿಯಾದ ಮೇಲೆ ಲಾರಿಯ ದೋಷಪತ್ತೆಯ ಸ್ವರೂಪವೇ ಬದಲಾಗಿದೆ. ಹೊಗೆಯನ್ನು ಶುದ್ಧಗೊಳಿಸಲು ಯೂರಿಯಾ ದ್ರಾವಣ ಬಳಸುವ ಲಾರಿಯಲ್ಲಿ ಅದು ಮುಗಿದರೆ ಅಥವಾ ಕಲಬೆರಕೆಯಾದರೆ ಕಂಪ್ಯೂಟರ್ ಎಂಜಿನ್ನಿನ ಬಲವನ್ನು ತಾನಾಗಿಯೇ ತಗ್ಗಿಸುತ್ತದೆ. ಆದ್ದರಿಂದ ಪಿಕಪ್ ಇಲ್ಲವೆಂದು ಬಂದ ಬಿಎಸ್-6 ಲಾರಿಯಲ್ಲಿ ಪಂಪು, ನಾಜಲ್ ಮುಟ್ಟುವ ಮೊದಲು ಯೂರಿಯಾ ಟ್ಯಾಂಕಿನ ಮಟ್ಟ ಮತ್ತು ಗುಣಮಟ್ಟ ಪರೀಕ್ಷಿಸಬೇಕು.